ರಕ್ತದ ಪರಿಚಯ

ಒಂದು ಚಮಚ ರಕ್ತ ಕೊಟ್ಟರೆ ಸಾಕು, ಹುಟ್ಟಿದಾಗಿನಿಂದ ನಿಮ್ಮ ಮೈ ಯಾವ ಯಾವ ರೋಗದ ಮುಖ ಕಂಡಿದೆ ಎಂದು ಯಂತ್ರವೊಂದು ಹೇಳಿಬಿಡುವುದಾದರೆ ಏನಾದೀತು? ದಾವಣಗೆರೆಯಲ್ಲಿ ಅಂಥ ಯಂತ್ರ ಬಂದ ಹೊಸತರಲ್ಲಿ ಜನ ಹೆದರಿದರು. ಆಮೇಲೆ ಒಗ್ಗಿಕೊಂಡರು. ಇನ್ನೂ ಸ್ವಲ್ಪ ದಿನ ಹೋದ ಮೇಲೆ, ನಮ್ಮ ಜನ ಯಾವುದನ್ನು ತಾನೇ ಬಿಟ್ಟಾರು, ಹೆಣ್ಣು ನೋಡಲು ಬರುವಾಗ ಜಾತಕದ ಜೊತೆಗೆ ಅದರ ವರದಿಯನ್ನೂ ಕೇಳತೊಡಗಿದರು. ಹುಡುಗಿಗೆ ಎಂದೋ ಕ್ಷಯ ತಗುಲಿತ್ತಂತೆ, ಹುಡುಗನಿಗೆ ಕಾಮಾಲೆ ಆಗಿತ್ತಂತೆ ಎಂದು ಕೂಡಿ ಬಂದ ಸಂಬಂಧಗಳು ಮುರಿದವು. ಆ ಯಂತ್ರದ ಹೆಸರು 'ಪರಿಚಯ'.

ಅದನ್ನು ಕಟ್ಟಿದ ಪ್ರಯೋಗಾಲಯ ಊರಾಚೆ ಹೆದ್ದಾರಿಯ ಪಕ್ಕದಲ್ಲಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಇಂಚರಳಿಗೆ ಯಂತ್ರದ ಪ್ರತಿಯೊಂದು ನಳಿಕೆಯೂ ತನ್ನ ಅಡುಗೆಮನೆಯ ಡಬ್ಬಿಗಳಷ್ಟೇ ಗೊತ್ತು. ಮದುವೆ ಬೇಡವೆಂದು ನಿರ್ಧರಿಸಿ, ಹೆತ್ತವರ ಜೊತೆಗೇ ಇದ್ದವಳು. ಕೆಲಸದಲ್ಲಿ ಅವಳಿಗೆ ಒಂದೇ ತಾಪತ್ರಯ. ಅವಳ ಎಡಗಿವಿಯ ಮೇಲಂಚು ಹುಟ್ಟಿನಿಂದಲೇ ಒಳಕ್ಕೆ ಮಡಚಿಕೊಂಡಿತ್ತು, ಮಾಸ್ಕಿನ ದಾರ ಅಲ್ಲಿ ನಿಲ್ಲುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಜಾರಿ ಬೀಳುವ ದಾರವನ್ನು ಮಣಿಕಟ್ಟಿನಿಂದ ಮೇಲಕ್ಕೆ ತಳ್ಳುತ್ತ ಅವಳು ಸೂಕ್ಷ್ಮದರ್ಶಕದ ಮುಂದೆ ಕೂರುವುದನ್ನು ಕಂಡು ಜೊತೆಯವರು ನಗುತ್ತಿದ್ದರು.

ಯಂತ್ರ ಮಾಡುತ್ತಿದ್ದುದು ಇಷ್ಟು. ನಮ್ಮ ರಕ್ತದಲ್ಲಿ ಟಿ-ಕೋಶಗಳೆಂಬ ಕಾವಲುಗಾರರಿದ್ದಾರೆ. ಮೈಯ ಪ್ರತಿಯೊಂದು ಜೀವಕೋಶವೂ ತನ್ನೊಳಗೆ ತಯಾರಾದ ಪ್ರೋಟೀನಿನ ಚೂರುಗಳನ್ನು ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಹೊರಗೆ ತೂಗುಹಾಕಿರುತ್ತದೆ. ಟಿ-ಕೋಶ ಬಾಗಿಲು ಬಾಗಿಲಿಗೆ ಹೋಗಿ ಅದನ್ನು ಮುಟ್ಟಿ ನೋಡುತ್ತದೆ. ಮನೆಯವರದಾದರೆ ಸುಮ್ಮನೆ ಮುಂದೆ ಹೋಗುತ್ತದೆ, ಹೊರಗಿನವರದಾದರೆ ಆ ಮನೆಯನ್ನೇ ಕೆಡವುತ್ತದೆ. ತೊಡಕೆಂದರೆ, ಒಂದೊಂದು ಟಿ-ಕೋಶಕ್ಕೆ ಹೆಚ್ಚುಕಡಿಮೆ ಒಂದೊಂದೇ ಚೂರಿನ ಗುರುತು. ಅಷ್ಟು ಕೋಟಿ ಕಾವಲುಗಾರರಲ್ಲಿ ಯಾರಿಗೆ ಯಾವ ಚೂರು ಗೊತ್ತು ಎಂದು ಹುಡುಕುವುದರಲ್ಲೇ ಹಿಂದಿನ ವಿಜ್ಞಾನಿಗಳ ಆಯುಷ್ಯ ಸವೆದಿತ್ತು. 'ಪರಿಚಯ'ದಲ್ಲಿ ಇಡ್ಲಿ ತಟ್ಟೆಯಂತೆ ಕುಳಿಗಳಿರುವ ಗಾಜಿನ ಹಲಗೆಯಿತ್ತು. ಕುಳಿಗೊಂದು ಟಿ-ಕೋಶ. ಅದರ ಮುಂದೆ ಒಂದಾದ ಮೇಲೊಂದು ಆಮಿಷದ ಕೋಶಗಳು ಹಾದುಹೋಗುತ್ತವೆ, ಒಂದೊಂದರ ಬಾಗಿಲಲ್ಲೂ ಬೇರೆ ಬೇರೆ ಚೂರು. ಗೊತ್ತಿರುವ ಚೂರು ಸಿಕ್ಕಿದೊಡನೆ ಟಿ-ಕೋಶ ಅದನ್ನು ಹಿಡಿದುಕೊಳ್ಳುತ್ತದೆ, ಆಮಿಷ ಹಸಿರಾಗಿ ಹೊಳೆಯುತ್ತದೆ. ಹೊಳೆದದ್ದನ್ನು ಯಂತ್ರ ಎತ್ತಿಕೊಂಡು, ಅದು ಯಾವ ರೋಗದ ಚೂರು ಎಂದು ಓದಿ ಹೇಳುತ್ತದೆ.

ಊರಿನವರೆಲ್ಲರ ರಕ್ತ ಓದಿದ ಈ ಯಂತ್ರದ ಮುಂದೆ ಒಂದು ದಿನ ಇಂಚರ ತನ್ನ ರಕ್ತವನ್ನೇ ಇಡಬೇಕಾಗಿ ಬಂತು.

ಅವಳ ತಂದೆ ಮುರುಗೇಶಪ್ಪ ಹಳೇಪೇಟೆಯಲ್ಲಿ ಪಂಪಿನ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದವರು. ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳ ತುದಿ ಕಲ್ಲಾಗಿತ್ತು. ಆ ಕಲ್ಲುಬೆರಳಿನಿಂದಲೇ ಅವರು ಊಟಕ್ಕೆ ಕುಳಿತಾಗ ಪಕ್ಕದಲ್ಲಿದ್ದ ಮಗಳ ಎಡಗಿವಿಯ ಮಡಿಕೆಯನ್ನು ಮೆಲ್ಲಗೆ ಬಿಡಿಸುತ್ತಿದ್ದರು. ಬಿಟ್ಟರೆ ಅದು ಮತ್ತೆ ಮಡಚಿಕೊಳ್ಳುತ್ತಿತ್ತು. "ನೆಟ್ಟಗಾಗಲ್ಲ ಬಿಡ್ರಿ ಅಪ್ಪಾಜಿ" ಎಂದು ಅವಳು ತಲೆ ಕೊಡವಿದರೆ ನಕ್ಕು ಸುಮ್ಮನಾಗುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಆ ವರ್ಷ ಅವರಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಅವರ ಮೂಳೆಯೊಳಗಿನ ಮಜ್ಜೆಯನ್ನು ಪೂರ್ತಿ ಅಳಿಸಿ ಬೇರೆಯವರ ಮಜ್ಜೆ ಹಾಕಿದರಷ್ಟೇ ಬದುಕು ಎಂದು ಆಸ್ಪತ್ರೆಯ ಡಾ. ಜೆಸಿಂತಾ ಹೇಳಿದರು.

ಹೊರಗಿನವರಲ್ಲಿ ಹೊಂದುವ ರಕ್ತ ಸಿಗಲಿಲ್ಲ. ಮನೆಯಲ್ಲಿ ಸಿಕ್ಕಿತು. ಸಾಮಾನ್ಯವಾಗಿ ಮಗಳದು ತಂದೆಗೆ ಅರ್ಧವಷ್ಟೇ ಹೊಂದುವುದು. ಇಲ್ಲಿ ಪೂರ್ತಿ ಹೊಂದಿತ್ತು. ಅದಕ್ಕೆ ಕಾರಣ ಅವಳ ತಾಯಿ ನೀಲಾಂಬಿಕೆ ಸೋದರಮಾವನನ್ನೇ ಮದುವೆಯಾದದ್ದು. ಮುರುಗೇಶಪ್ಪ ನೀಲಾಂಬಿಕೆಯ ತಾಯಿಯ ತಮ್ಮ, ಮದುವೆಗೆ ಮುಂಚೆ ಕರೆಯುತ್ತಿದ್ದ ಹಾಗೇ ಗಂಡನನ್ನು ಅವಳು ಇಂದಿಗೂ 'ಮಾವ' ಎಂದೇ ಕರೆಯುತ್ತಿದ್ದಳು. ಒಂದೇ ಮನೆತನದ ರಕ್ತ ಸುತ್ತಿ ಬಂದು ಮಗಳಲ್ಲಿ ತಂದೆಯ ಪಡಿಯಚ್ಚಾಗಿ ಕೂಡಿತ್ತು. ದೇವರೇ ಕಣ್ಣು ಬಿಟ್ಟ ಎಂದು ನೀಲಾಂಬಿಕೆ ಕೈ ಮುಗಿದಳು.

ಆದರೆ ಮಜ್ಜೆ ಕೊಡುವ ಮುಂಚೆ ಒಂದು ಪರೀಕ್ಷೆಯಿದೆ. ಕೊಡುವವರ ಟಿ-ಕೋಶಗಳನ್ನೂ ಪಡೆಯುವವರ ಕೋಶಗಳನ್ನೂ ಒಂದೇ ಬಟ್ಟಲಿನಲ್ಲಿ ಬಿಟ್ಟು ನೋಡುತ್ತಾರೆ. ಇಂಚರಳ ಕೋಶಗಳು ಅಪ್ಪಾಜಿಯ ಕೋಶಗಳ ಮೇಲೆ ಬಿದ್ದು ಕೊಂದವು. ಹೀಗೆಯೇ ಮೈಗೆ ಸೇರಿದರೆ ಅವು ಅಪ್ಪಾಜಿಯ ಚರ್ಮ, ಕರುಳು, ಯಕೃತ್ತು ಒಂದನ್ನೂ ಬಿಡುವುದಿಲ್ಲ. ಟಿ-ಕೋಶಗಳನ್ನೆಲ್ಲ ತೆಗೆದುಹಾಕಿ ಕೊಡೋಣವೆಂದರೆ ಮಜ್ಜೆ ಬೇರೂರುವುದಿಲ್ಲ, ಮೊದಲ ಸೋಂಕಿಗೇ ಮನುಷ್ಯ ಹೋಗುತ್ತಾನೆ. ಇರುವ ದಾರಿ ಒಂದೇ. ಜಗಳಗಂಟ ಕೋಶಗಳಷ್ಟನ್ನೇ ಆರಿಸಿ ತೆಗೆಯಬೇಕು. ಆರಿಸಬೇಕಾದರೆ ಅವು ಅಪ್ಪಾಜಿಯ ಮೈಯಲ್ಲಿ ಯಾವ ಚೂರನ್ನು ಗುರುತಿಸುತ್ತಿವೆ ಎಂದು ಗೊತ್ತಾಗಬೇಕು. ಆ ಚೂರನ್ನು ಗಾಳಕ್ಕೆ ಸಿಕ್ಕಿಸಿದರೆ ಅವಷ್ಟೇ ಬಂದು ಕಚ್ಚುತ್ತವೆ.

ಡಾ. ಜೆಸಿಂತಾ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ಇಂಚರ, ಬೇಜಾರು ಮಾಡ್ಕೋಬೇಡಿ. ಯಾವತ್ತಾದರೂ ಗರ್ಭ ನಿಂತಿತ್ತಾ? ಒಂದೆರಡು ತಿಂಗಳಾದರೂ ಸರಿ. ನನ್ನಿಂದ ಹೊರಗೆ ಹೋಗಲ್ಲ."

ಯಾಕೆ ಕೇಳುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಗಂಡಸಿನ ಮೈಯಲ್ಲಿ ಮಾತ್ರ ತಯಾರಾಗುವ ಕೆಲವು ಪ್ರೋಟೀನುಗಳಿವೆ. ಗಂಡುಮಗುವನ್ನು ಹೊತ್ತ ಹೆಂಗಸಿನ ಟಿ-ಕೋಶಗಳು ಅದನ್ನು ಕಂಡು ಗುರುತಿಟ್ಟುಕೊಳ್ಳುತ್ತವೆ, ಮುಂದೆ ಅಂಥವಳ ರಕ್ತ ಗಂಡಸಿಗೆ ಹೋದರೆ ತಿರುಗಿ ಬೀಳುತ್ತದೆ.

"ಇಲ್ಲ ಮೇಡಂ. ಒಬ್ಬ ಅಣ್ಣ ಇದ್ದಿದ್ದರೂ ಹೀಗಾಗಬಹುದು ಅಂತಾರೆ, ನಾನೇ ಚೊಚ್ಚಲು. 'ಪರಿಚಯ'ದಲ್ಲೂ ಹಾಕಿ ನೋಡಿದೆ, ಏನೂ ತೋರಿಸ್ತಿಲ್ಲ."

ಜೆಸಿಂತಾ ನಂಬಿದರೋ ಬಿಟ್ಟರೋ, ಯಂತ್ರ ಅವಳ ಪರವಾಗಿ ಸಾಕ್ಷಿ ಹೇಳಿತ್ತು. ಗಂಡಸಿನ ಚೂರು ಎಂದು ಅದು ಎಲ್ಲೂ ತೋರಿಸಿರಲಿಲ್ಲ. ವೈರಾಣುಗಳ ಚೂರು, ಬ್ಯಾಕ್ಟೀರಿಯಾದ ಚೂರು, ತಿನ್ನುವ ಕಾಳಿನದು, ಹೂವಿನ ಪರಾಗದ್ದು, ಇಂಚರ ಎಲ್ಲವನ್ನೂ ಮುಂದಿಟ್ಟು ಓಡಿಸಿದ್ದಳು. ಜಗಳಗಂಟ ಕೋಶಗಳ ಎದುರಿಗೆ ಪ್ರತಿಸಲವೂ ಅದೇ ಉತ್ತರ ಬರುತ್ತಿತ್ತು, ಪರಿಚಯವಿಲ್ಲ. ಅಪ್ಪಾಜಿಗೆ ಉಳಿದಿದ್ದ ಸಮಯ ವಾರಗಳ ಲೆಕ್ಕಕ್ಕೆ ಇಳಿದಿತ್ತು.

ಮನೆಗೆ ಬಂದಾಗ ನೀಲಾಂಬಿಕೆ ಆಸ್ಪತ್ರೆಗೆ ಒಯ್ಯಲು ನುಚ್ಚಿನ ಗಂಜಿ ಕಾಯಿಸುತ್ತಿದ್ದಳು. ಇಂಚರಳಿಗೆ ದಣಿವಿಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಬ್ಯಾಗು ಬಿಸಾಕಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು.

"ಡಾಕ್ಟ್ರು ಏನ್ ಕೇಳಿದ್ರು ಗೊತ್ತಾ ಅಮ್ಮ? ನಾನು ಯಾವಾಗಾದ್ರೂ ಬಸುರಾಗಿದ್ನಾ ಅಂತ."

ಸೌಟು ಗಂಜಿಯಲ್ಲೇ ನಿಂತಿತು. "ಹಂಗ್ಯಾಕೆ ಕೇಳಿದ್ರು?"

"ನನ್ನ ರಕ್ತ ಅಪ್ಪಾಜಿ ಮೇಲೆ ಬೀಳ್ತೈತಲ್ಲ, ಅದಕ್ಕೆ. ಗಂಡುಮಗು ಹೊತ್ತೋರ ರಕ್ತ ಹಂಗೆ ಮಾಡ್ತದೆ. ಹೊಟ್ಟೆಯಾಗಿನ ಮಗೂದು ಒಂದಿಷ್ಟು ಕೋಶ ತಾಯಿ ಮೈಗೆ ಬಂದು ಸೇರ್ಕೊಂಡು ಬಿಡ್ತಾವಮ್ಮ. ಮಗು ಹೊರಗೆ ಬಂದ ಮೇಲೂ ಅವು ಅಲ್ಲೇ ಇರ್ತಾವೆ."

"ಎಷ್ಟು ದಿನ ಇರ್ತಾವೆ?"

"ದಿನ ಅಲ್ಲ, ತಾಯಿ ಇರೋತನಕ ಇರ್ತಾವೆ."

"ಮಗು ಉಳೀದಿದ್ರೂನಾ?"

ಆ ಪ್ರಶ್ನೆ ಯಾಕೆ ಬಂತೆಂದು ಇಂಚರಳಿಗೆ ತಕ್ಷಣ ಹೊಳೆಯಲಿಲ್ಲ. "ಹೂಂ, ಉಳೀದಿದ್ರೂ" ಎಂದಳು.

ನೀಲಾಂಬಿಕೆ ಒಲೆ ಆರಿಸಿದಳು. ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಎರಡೂ ಅಂಗೈಗಳನ್ನು ತಿರುಗಿಸಿ, ಎಂದೂ ನೋಡದವಳ ಹಾಗೆ ನೋಡಿಕೊಂಡಳು.

"ಹಂಗಾರೆ ಅವನು ನನ್ನೊಳಗೇ ಅದಾನೆ" ಎಂದಳು.

"ಯಾರಮ್ಮ?"

"ನಿಮ್ಮಣ್ಣ."

ಆಮೇಲೆ ಅವಳು ಹೇಳಿದ್ದೆಲ್ಲ ಬಿಡಿಬಿಡಿಯಾಗಿ ಬಂತು. ಮೊದಲ ಬಾಣಂತನಕ್ಕೆ ಹರಿಹರದ ತವರಿಗೆ ಹೋಗಿದ್ದಳು. ಹೆರಿಗೆಯ ಹೊತ್ತಿಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಿತು. ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ಗಂಡು ಹುಟ್ಟಿ ಒಂದು ಹಗಲು ಇದ್ದು ಹೋಗಿತ್ತು, ಮುರುಗೇಶಪ್ಪನವರೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಿದ್ದರು.

"ನಿಮ್ಮಜ್ಜಿ, ಮಾವನ ಅವ್ವ, ಮಾವನ ಕೈಲಿ ಲಿಂಗ ಮುಟ್ಟಿಸಿ ಆಣೆ ಹಾಕಿಸಿದ್ಲು. ಮಗು ಹಿಂಗಿತ್ತು ಹಂಗಿತ್ತು ಅಂತ ನೀಲಾಗೆ ಒಂದು ಮಾತೂ ಹೇಳಬ್ಯಾಡ, ಮುಖ ಗೊತ್ತಾದ್ರೆ ಅದೇ ಗುಂಗು ಹಿಡೀತಾಳೆ, ಮುಂದಿನ ಬಸುರು ನಿಲ್ಲಲ್ಲ ಅಂತ. ಮನೆಮನೆಯಾಗೇ ಮದುವೆ ಆದ್ರೆ ಹಿಂಗೇ ಆಗೋದು ಅಂತ ಊರೋರು ಬ್ಯಾರೆ ಆಡ್ಕೊಂಡ್ರು. ನೀನು ಹುಟ್ಟಿದ ಮೇಲೆ ನಿನ್ನೇ ಚೊಚ್ಚಲು ಅಂದ್ಬಿಟ್ರು. ನಾನೂ ಹೂಂ ಅಂದೆ."

ಇಂಚರಳಿಗೆ ಹಳೆಯದೊಂದು ನೆನಪಾಯಿತು. ಅವಳಿಗೆ ಒಂದು ಸಂಬಂಧ ಕೂಡಿ ಬಂದಿದ್ದ ಕಾಲ. ಹುಡುಗ ಆ ಮನೆಯ ಹಿರಿಮಗ, ಮುಹೂರ್ತ ಸಿಕ್ಕಿದ್ದು ಜ್ಯೇಷ್ಠ ಮಾಸದಲ್ಲಿ. ಮೊದಲ ಬಸುರಿನವರಿಬ್ಬರಿಗೆ ಜ್ಯೇಷ್ಠದಲ್ಲಿ ಮದುವೆ ಮಾಡಬಾರದೆಂದು ಅಯ್ನೋರು ತಲೆಯಾಡಿಸಿದ್ದರು. ಶುಕ್ರವಾರ ಉಗುರು ಕತ್ತರಿಸಲೂ ಬಿಡದ ಅಮ್ಮ ಅಂದು ಮಾತ್ರ, ಪರವಾಗಿಲ್ಲ ಮಾಡ್ರಿ, ಎಂದಿದ್ದಳು. ಅಮ್ಮನಿಗೆ ಏನಾಯಿತೆಂದು ಆಗ ಅವಳು ಬೆರಗಾಗಿದ್ದಳು. ಆ ಸಂಬಂಧ ಬೇರೆ ಕಾರಣಕ್ಕೆ ಮುರಿದುಬಿತ್ತು, ಆ ಮಾತು ಅಲ್ಲಿಗೇ ಮರೆತುಹೋಗಿತ್ತು.

"ಇಷ್ಟು ವರ್ಷದಾಗೆ ಅಪ್ಪಾಜೀನ ಒಂದ್ಸಲಾನೂ ಕೇಳ್ಲಿಲ್ವಾ?"

"ಆಣೆ ಮಾಡಿದೋರನ್ನ ಹೆಂಗ್ ಕೇಳ್ಲಿ? ಇವತ್ತಲ್ಲ ನಾಳೆ ತಾವೇ ಹೇಳ್ತಾರೆ ಅಂತ ಕಾಯ್ತಾ ಇದ್ದೆ. ಈಗ ನೋಡಿದ್ರೆ ಹಿಂಗೆ." "ಅವನ ಮುಖ ನೋಡಿದೋರು ಅಂತ ಉಳಿದಿರೋರು ಮಾವ ಒಬ್ರೇ ಇಂಚೂ. ಅವರೂ ಹೋದ್ರೆ ಅವನು ಹುಟ್ಟೇ ಇಲ್ಲ ಅನ್ನೋ ಹಂಗಾಗ್ತದೆ."

ಇಂಚರ ತಾಯಿಯ ಪಕ್ಕದಲ್ಲಿ ಕುಳಿತು ಅವಳನ್ನು ತಬ್ಬಿಕೊಂಡಳು. ಅಳು ಬಂತು, ಅತ್ತಳು. ಹಾಗೆ ಅಳುತ್ತಿರುವಾಗಲೇ ಅವಳ ತಲೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಅಣ್ಣನ ಕೋಶಗಳು ಅಮ್ಮನಲ್ಲಿ ಉಳಿದಿದ್ದವು. ಆಮೇಲೆ ಅದೇ ಗರ್ಭದಲ್ಲಿ ತಾನು ಬೆಳೆದಾಗ ಅವುಗಳಲ್ಲಿ ನಾಲ್ಕಾರು ತನಗೂ ದಾಟಿವೆ. ತನ್ನ ಕಾವಲುಗಾರರು ಗಂಡಸಿನ ಚೂರನ್ನು ಅಲ್ಲಿ ಕಂಡಿದ್ದಾರೆ. ಅದೇ ಚೂರು ಅಪ್ಪಾಜಿಯ ಮೈತುಂಬ ಇದೆ. ಎಲ್ಲ ಸರಿಹೊಂದುತ್ತಿತ್ತು. ಹಾಗಿದ್ದರೆ 'ಪರಿಚಯ' ಯಾಕೆ ಬಾಯಿ ಬಿಡಲಿಲ್ಲ?

ಮರುದಿನ ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋಗುವ ದಾರಿಯಲ್ಲಿ, ಆಟೋದಲ್ಲಿ, ಅವಳಿಗೆ ಉತ್ತರ ಹೊಳೆಯಿತು. ಹೊಳೆದಾಗ ಸಂತೋಷವಾಗಲಿಲ್ಲ.

ಯಂತ್ರ ಉತ್ತರ ಕೊಡುವ ಮುಂಚೆ ಒಂದು ಜರಡಿ ಹಿಡಿಯುತ್ತಿತ್ತು. ಮನುಷ್ಯನ ಸ್ವಂತ ಮೈಯ ಚೂರುಗಳಿಗೆ ಟಿ-ಕೋಶ ತಿರುಗಿ ಬೀಳಬಾರದು. ಬಿದ್ದಂತೆ ಕಂಡರೆ ಅದು ಯಂತ್ರದ ತಪ್ಪೇ ಇರಬೇಕೆಂದು, ಸ್ವಂತದ ಚೂರಿಗೆ ಹೊಳೆದದ್ದನ್ನೆಲ್ಲ ವರದಿಯಿಂದ ಅಳಿಸಿಬಿಡುತ್ತಿತ್ತು. ಸ್ವಂತದ ಚೂರುಗಳೆಂದರೆ ಯಾರ ಸ್ವಂತ? ಈ ಕಥೆ ಪ್ರಯೋಗಾಲಯಕ್ಕೆ ಬಂದ ಅತಿಥಿಗಳಿಗೆಲ್ಲ ಬಾಯಿಪಾಠವಾಗಿತ್ತು. ಯಂತ್ರ ಕಟ್ಟುವ ಕಾಲಕ್ಕೆ ಮಾದರಿ ಕೊಡಲು ಯಾರೂ ಮುಂದೆ ಬರದಿದ್ದಾಗ ಮುಖ್ಯಸ್ಥರಾದ ವಾದಿರಾಜ ಸರ್ ತಮ್ಮ ರಕ್ತವನ್ನೂ ಚರ್ಮವನ್ನೂ ತಾವೇ ತೆಗೆಸಿಕೊಟ್ಟು ಆ ಜರಡಿ ಮಾಡಿದ್ದರು. ಅಲ್ಲಿ ಸೇರಿದ ಪ್ರತಿಯೊಬ್ಬರೂ ಮೊದಲ ದಿನ ಆ ಕಥೆ ಕೇಳಿ ಕೈ ಮುಗಿದವರೇ. ಕೈ ಮುಗಿದ ವಸ್ತುವನ್ನು ಮತ್ತೆ ತೆರೆದು ನೋಡುವ ರೂಢಿ ನಮ್ಮಲ್ಲಿಲ್ಲ. ಸರ್ ಗಂಡಸು ಎಂಬುದು ಯಾರ ತಲೆಗೂ ಹೋಗಿರಲಿಲ್ಲ.

ವಾದಿರಾಜರು ಕಾಫಿ ಕುಡಿಯುತ್ತ ಕುಳಿತಿದ್ದರು. ಅವಳು ನಿಂತೇ ಹೇಳಿದಳು.

"ಆ ಜರಡಿ ಮುಟ್ಟಬೇಡಮ್ಮ" ಎಂದರು ಅವರು ತಕ್ಷಣ. "ಇಷ್ಟು ವರ್ಷದಲ್ಲಿ ಒಂದು ವರದಿ ತಪ್ಪಿಲ್ಲ. ನಿನಗೆ ಮನೆಯ ಚಿಂತೆ, ಅರ್ಥ ಆಗುತ್ತೆ."

"ಸರ್, ಗಂಡಸಿನ ಚೂರು ನಿಮಗೆ ಸ್ವಂತದ್ದು. ನನಗಲ್ಲ. ಯಂತ್ರ ಎಲ್ಲರನ್ನೂ ನೀವೇ ಅಂದ್ಕೊಂಡಿದೆ."

ಅವರು ಲೋಟ ಕೆಳಗಿಟ್ಟರು. ಅವರಿಗೂ ಇಬ್ಬರು ಗಂಡುಮಕ್ಕಳಿದ್ದರು, ಹೆಂಡತಿಯ ರಕ್ತವನ್ನು ಯಂತ್ರದ ಉದ್ಘಾಟನೆಯ ದಿನವೇ ಓದಿಸಿದ್ದರು.

"ಸಾವಿತ್ರಿಯ ವರದಿಯಲ್ಲಿ ಕಾಣಬೇಕಿತ್ತು" ಎಂದರು. "ಎರಡು ಗಂಡು ಹೆತ್ತವಳು. ಕಾಣಲಿಲ್ಲ ಅಂತ ನನಗೆ ಅನ್ನಿಸಲೇ ಇಲ್ಲವಲ್ಲಮ್ಮ."

"ಅಳಿಸಿದ್ದು ಯಾರಿಗೂ ಕಾಣಲ್ಲ ಸರ್."

"ಎಷ್ಟು ಜನ ಹೆಂಗಸರ ರಕ್ತ ಹೇಳಿದ್ದನ್ನ ನಾನು ಅಳಿಸಿಬಿಟ್ಟೆ." ಮುದುಕರ ಕಣ್ಣು ತುಂಬಿತು. ಎದ್ದು ತಾವೇ ಪಾಸ್‌ವರ್ಡ್ ಹಾಕಿ ಜರಡಿ ತೆಗೆದರು. "ಇವತ್ತೇ ಎಲ್ಲ ಯಂತ್ರಗಳಿಗೂ ತಿದ್ದುಪಡಿ ಕಳಿಸ್ತೀನಿ."

"ಬೇಡ ಸರ್" ಎಂದಳು ಇಂಚರ. ಅವರು ಅಚ್ಚರಿಯಿಂದ ತಿರುಗಿದರು. "ಮಜ್ಜೆ ಕೊಡೋರಿಗೆ ಮಾತ್ರ ತೋರಿಸಲಿ. ಹೆಣ್ಣು ನೋಡೋಕೆ ಬರೋರ ಕೈಗೆ ಈ ವರದಿ ಹೋದರೆ ಏನಾಗುತ್ತೆ ಯೋಚನೆ ಮಾಡಿ. ನಾನು ಬಸುರಾದವಳಲ್ಲ, ಆದರೂ ನನ್ನ ರಕ್ತ ಹಾಗೆ ಹೇಳುತ್ತೆ. ನಮ್ಮ ಜನ ಅಣ್ಣನ ಕಥೆ ಕೇಳೋತನಕ ಕಾಯಲ್ಲ."

ವಾದಿರಾಜರು ಸ್ವಲ್ಪ ಯೋಚಿಸಿ ಹೂಂ ಎಂದರು. ಅವರ ಮೇಲಿನ ಅವಳ ಗೌರವ ಅಂದು ಕಡಿಮೆಯಾಗಲಿಲ್ಲ.

ಜರಡಿ ತೆಗೆದ ಯಂತ್ರ ಅವಳ ರಕ್ತವನ್ನು ಮತ್ತೆ ಓದಿತು. ಈ ಸಲ ಹಲಗೆಯ ಕುಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಕಂಡಿತು. ಎಲ್ಲವೂ ಒಂದೇ ಚೂರಿಗೆ. ಗಂಡಸಿನ ವರ್ಣತಂತುವಿನಿಂದ ಹುಟ್ಟುವ ಒಂದು ಪ್ರೋಟೀನಿನ ತುಣುಕು. ಇಂಚರ ಆ ತುಣುಕನ್ನೇ ತಯಾರಿಸಿ, ಕಾಂತದ ಪುಡಿಗೆ ಅಂಟಿಸಿ ಗಾಳ ಮಾಡಿದಳು. ಬೇರೆ ಕೋಶಗಳು ಗಾಳದ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಅಣ್ಣನನ್ನು ಕಂಡಿದ್ದವು ಮಾತ್ರ ಬಂದು ಕಚ್ಚಿದವು. ಅವನ್ನು ಅಯಸ್ಕಾಂತದಿಂದ ಪಕ್ಕಕ್ಕೆ ಎಳೆದುಬಿಟ್ಟು, ಮಿಕ್ಕಿದ್ದನ್ನು ಅಪ್ಪಾಜಿಯ ಕೋಶಗಳ ಜೊತೆ ಬಟ್ಟಲಿಗೆ ಬಿಟ್ಟಳು. ಈ ಸಲ ಜಗಳವಾಗಲಿಲ್ಲ.

ಡಾ. ಜೆಸಿಂತಾ ಫಲಿತಾಂಶ ನೋಡಿ ಅವಳ ಕೈ ಹಿಡಿದುಕೊಂಡರು. ಆ ಪ್ರಶ್ನೆಯನ್ನು ಅವರು ಮತ್ತೆ ಎತ್ತಲಿಲ್ಲ. ಅವಳೇ ಅಣ್ಣನ ವಿಷಯ ಹೇಳಿದಾಗ, ಕ್ಷಮಿಸಿ ಎಂದರು.

ಮಜ್ಜೆ ಕೊಡುವ ಹಿಂದಿನ ದಿನ ಮಧ್ಯಾಹ್ನ ಇಂಚರ ತಾಯಿಯನ್ನು ಪ್ರಯೋಗಾಲಯಕ್ಕೆ ಕರೆತಂದಳು. ಹೊರಗಿನವರು ಬರುವಂತಿಲ್ಲ. ವಾದಿರಾಜರು ತಾವೇ ಬಾಗಿಲಲ್ಲಿ ನಿಂತು ಒಳಗೆ ಬಿಟ್ಟರು. ನೀಲಾಂಬಿಕೆ ಚಪ್ಪಲಿ ಹೊರಗೆ ಬಿಟ್ಟು, ಕೊಟ್ಟ ಬಿಳಿ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು, ದೇವಸ್ಥಾನದ ಒಳಗೆ ಹೋದಂತೆ ನಡೆದಳು. ಇಂಚರ ಸೂಕ್ಷ್ಮದರ್ಶಕದ ಎತ್ತರ ತಗ್ಗಿಸಿ ತೋರಿಸಿದಳು.

"ಹಸಿರಗೆ ಕಾಣ್ತಾವಲ್ಲ, ಇವೇನಾ?"

"ಹೂಂನಮ್ಮ. ಆ ಹಸಿರಿನ ಪಕ್ಕದಾಗೆ ಅಂಟ್ಕೊಂಡಿರೋವು. ಅವು ಅವನನ್ನ ನೋಡ್ಯಾವೆ."

ನೀಲಾಂಬಿಕೆ ಕಣ್ಣು ಕೀಳಲಿಲ್ಲ. ಮಗಳು ಎಷ್ಟು ಹೊತ್ತು ಪಕ್ಕದಲ್ಲಿ ನಿಂತಿದ್ದರೂ ಆಕೆಗೆ ಪರಿವೆ ಇರಲಿಲ್ಲ.

"ನಿಮ್ಮಪ್ಪಾಜಿ ನೋಡಿದ್ರು. ನೀನು ಹೊಟ್ಟೆಯಾಗಿದ್ದಾಗ್ಲೇ ನೋಡಿದ್ದೀಯ. ನಾನೊಬ್ಬಳೇ ನೋಡದೇ ಇರೋಳು" ಎಂದಳು. ಆಮೇಲೆ, "ಇವನ್ನ ಏನು ಮಾಡ್ತೀರಿ?"

ಮಾಡುವುದೇನೆಂದು ಇಂಚರಳಿಗೆ ಗೊತ್ತಿತ್ತು. ಬ್ಲೀಚಿನ ಬಾಟಲಿಗೆ ಹಾಕುತ್ತಾರೆ. ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇವನ್ನ ತೆಗೆದುಬಿಡಬೇಕಮ್ಮ. ಅಪ್ಪಾಜಿ ಮೈಗೆ ಹೋದ್ರೆ ಅವರನ್ನ ಉಳಿಸಲ್ಲ. ಆದ್ರೆ ನನ್ನ ಮೈಯಾಗೆ ಇನ್ನೂ ಅದಾವೆ. ನಾನಿರೋತನಕ ಇರ್ತಾವೆ."

ನೀಲಾಂಬಿಕೆ ಸೂಕ್ಷ್ಮದರ್ಶಕಕ್ಕೆ ಕೈ ಮುಗಿದು ಎದ್ದಳು.

ಮಜ್ಜೆ ಹಾಕಿದ ಮೇಲಿನ ದಿನಗಳು ಕಷ್ಟದವು. ಮುರುಗೇಶಪ್ಪನವರ ಬಾಯಿ ಹುಣ್ಣಾಯಿತು, ಕೂದಲು ಉದುರಿತು, ಜ್ವರ ಬಂದು ಒಂದು ವಾರ ಇಳಿಯಲಿಲ್ಲ. ಅವರನ್ನು ಗಾಜಿನ ಗೋಡೆಯ ಕೋಣೆಯಲ್ಲಿ ಒಬ್ಬರನ್ನೇ ಇಟ್ಟಿದ್ದರು. ಹೊರಗಿನಿಂದ ಗಾಜಿಗೆ ಅಳವಡಿಸಿದ ಫೋನಿನಲ್ಲಿ ಮಾತಾಡಬೇಕು. ನೀಲಾಂಬಿಕೆ ದಿನವೂ ಬಂದು ಗಾಜಿನಾಚೆ ಕೂರುತ್ತಿದ್ದಳು. ಮಗುವಿನ ಮುಖ ಹೇಗಿತ್ತೆಂದು ಕೇಳಬೇಕಿತ್ತು. ಈ ಸ್ಥಿತಿಯಲ್ಲಿರುವವರನ್ನು ಹೇಗೆ ಕೇಳುವುದೆಂದು ನುಂಗಿಕೊಳ್ಳುತ್ತಿದ್ದಳು. ಜ್ವರ ಏರಿದ ದಿನವಂತೂ, ಕೇಳದೇ ಕಳಕೊಂಡೆನಲ್ಲ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಗೋಳೋ ಎಂದು ಅತ್ತಳು.

ಜ್ವರ ಇಳಿಯಿತು. ಮಜ್ಜೆ ಬೇರು ಬಿಟ್ಟಿತು. ಇನ್ನು ಭಯವಿಲ್ಲ ಎಂದು ಡಾ. ಜೆಸಿಂತಾ ಹೇಳಿದ ದಿನ ತಾಯಿ ಮಗಳು ಇಬ್ಬರೂ ಗಾಜಿನ ಮುಂದೆ ನಿಂತರು. ಮುರುಗೇಶಪ್ಪ ದಿಂಬಿಗೆ ಒರಗಿ ಕುಳಿತಿದ್ದರು. ಬೋಳು ತಲೆ, ಸೊರಗಿದ ಮುಖ. ಇಂಚರ ಫೋನಿನ ದನಿಯನ್ನು ಮೂವರಿಗೂ ಕೇಳುವಂತೆ ಏರಿಸಿದಳು.

"ಡಾಕ್ಟ್ರು ಎಲ್ಲ ಹೇಳಿದ್ರು" ಎಂದರು ಮುರುಗೇಶಪ್ಪ. "ಯಾವುದನ್ನ ಆರಿಸಿ ತೆಗೆದ್ರಿ, ಅದು ಎಲ್ಲಿಂದ ಬಂದಿತ್ತು, ಎಲ್ಲಾನೂ. ನೀನು ಇವಳಿಗೆ ಹೇಳಿದ್ದಕ್ಕೆ ನಾನು ಉಳಿದೆನಂತೆ ನೀಲಾ."

ನೀಲಾಂಬಿಕೆ ತಲೆ ತಗ್ಗಿಸಿದಳು. "ಬ್ಯಾರೆ ದಾರಿ ಇರ್ಲಿಲ್ಲ ಮಾವ."

"ಇರ್ಲಿ ಬಿಡು." ಅವರು ತಮ್ಮ ತೋಳನ್ನು, ಸೂಜಿ ಚುಚ್ಚಿ ನೀಲಿಗಟ್ಟಿದ್ದ ಜಾಗವನ್ನು ಒಮ್ಮೆ ಸವರಿಕೊಂಡರು. ಆಮೇಲೆ ಮಗಳ ಕಡೆ ತಿರುಗಿ, "ಇಂಚೂ, ನನ್ನ ಹಳೇ ರಕ್ತ ಎಷ್ಟು ಉಳಿದೈತೆ?"

"ಒಂದು ಹನೀನೂ ಇಲ್ಲ ಅಪ್ಪಾಜಿ. ಇನ್ಮೇಲೆ ನಿಮ್ಮ ಮೈಯಾಗೆ ಹರಿಯೋದೆಲ್ಲ ನಂದೇ."

"ಹಂಗಾರೆ ಅವ್ವನ ಮುಂದೆ ಆಣೆ ಮಾಡಿದ ರಕ್ತ ಹೋತು. ಇದು ನಿಂದು. ನೀನೇನು ಆಣೆ ಮಾಡಿಲ್ಲ." ಅವರ ಒಣಗಿದ ತುಟಿಯಲ್ಲಿ ನಗುವಿನಂಥದು ಕಂಡಿತು. ಕಣ್ಣು ಮಾತ್ರ ನಗಲಿಲ್ಲ. "ನೀಲಾ, ಕೇಳು."

ನೀಲಾಂಬಿಕೆ ಗಾಜಿಗೆ ಎರಡೂ ಕೈ ಊರಿದಳು.

"ಬಿಳೇ ಹುಡುಗ. ನಿನ್ನ ಬಣ್ಣ. ಕೂದ್ಲು ದಂಡಿಯಾಗಿತ್ತು. ನನ್ನ ಬೆರಳು ಕೊಟ್ರೆ ಹಿಡ್ಕೊಂಡಿದ್ದ, ಸಂಜೆ ತನಕ ಬಿಟ್ಟಿರ್ಲಿಲ್ಲ. ತುಂಗಭದ್ರೆ ದಂಡೆಗೆ, ಹೊಂಗೆ ಮರದ ಬುಡದಾಗೆ ಮಲಗಿಸಿ ಬಂದೆ. ನನ್ನ ಪಂಚೇನೇ ಸುತ್ತಿದ್ದೆ." ಅವರು ಉಸಿರು ತೆಗೆದುಕೊಂಡರು. "ಎಡಗಿವಿ ಮೇಲೆ ಒಂಚೂರು ಮಡಚ್ಕೊಂಡಿತ್ತು. ಬಿಡಿಸಿ ನೋಡ್ದೆ, ನೆಟ್ಟಗೆ ನಿಲ್ಲಲಿಲ್ಲ. ಆಮ್ಯಾಲೆ ಇವಳು ಹುಟ್ಟಿದಾಗ ಮೊದ್ಲು ನೋಡಿದ್ದೇ ಅದನ್ನ."

ಊಟದ ಹೊತ್ತಿನಲ್ಲಿ ತನ್ನ ಕಿವಿಯ ಮೇಲಾಡುತ್ತಿದ್ದ ಕಲ್ಲುಬೆರಳು ಇಂಚರಳಿಗೆ ನೆನಪಾಯಿತು. ತಾನು ತಲೆ ಕೊಡವಿ ಬಿಡಿಸಿಕೊಳ್ಳುತ್ತಿದ್ದುದೂ ನೆನಪಾಯಿತು.

ನೀಲಾಂಬಿಕೆ ಮಗಳ ಕಡೆ ತಿರುಗಿದಳು. ಎಡಗಿವಿಯಿಂದ ಜಾರಿ ಅರ್ಧ ನೇತಾಡುತ್ತಿದ್ದ ಮಾಸ್ಕಿನ ದಾರವನ್ನು ಪೂರ್ತಿ ಬಿಡಿಸಿ, ಆ ಮಡಿಕೆಯ ಮೇಲೆ ಬೆರಳಿಟ್ಟಳು. ಗಂಡ ಮಾಡುತ್ತಿದ್ದಂತೆ ಅದನ್ನು ನೆಟ್ಟಗೆ ಮಾಡಲು ಹೋಗಲಿಲ್ಲ. ಅದು ಇದ್ದ ಹಾಗೇ ಇರಲಿ ಎಂದು, ಮತ್ತೆ ಮತ್ತೆ ಅದರ ಮೇಲೆ ಬೆರಳಾಡಿಸುತ್ತ ನಿಂತಳು.